ಕಾಮಾಲೆ ಬಂದಾಗ ಯಕೃತ್ತಿನೊಳಗೆ ನಡೆಯುವುದೇನು?



ಸಂಘದ ಸಭೆಯಲ್ಲಿ ಕಾಮಾಲೆಯ ಮಾತು ಬಂದರೆ ಸಾಕು, ಪ್ರತಿಯೊಬ್ಬರ ಹತ್ತಿರವೂ ಹೇಳಲು ಏನಾದರೂ ಇರುತ್ತದೆ. "ಅದು ಪಿತ್ತ ಹೆಚ್ಚಾಗಿ ಬರೋದು" ಅಂತ ಒಬ್ಬರು. "ಬಿಸಿಲಲ್ಲಿ ದುಡಿದು ಉಷ್ಣ ಆದ್ರೆ ಬರುತ್ತೆ" ಅಂತ ಇನ್ನೊಬ್ಬರು. "ವೈರಸ್ ಲಿವರನ್ನೇ ತಿಂದುಬಿಡುತ್ತಂತೆ" ಅಂತ ಶಾಲೆ ಓದಿದ ಹುಡುಗಿಯರು. ಕೊನೆಯ ಮಾತು ಸತ್ಯಕ್ಕೆ ಹತ್ತಿರ ಇದೆ. ಆದರೆ ಅದೂ ಪೂರ್ತಿ ಸತ್ಯವಲ್ಲ. ಸೋಂಕಿನ ಕಾಮಾಲೆಯಲ್ಲಿ ಯಕೃತ್ತಿನ ಜೀವಕೋಶಗಳನ್ನು ಕೊಲ್ಲುವುದು ಬಹುಮಟ್ಟಿಗೆ ವೈರಸ್ ಅಲ್ಲ. ನಮ್ಮದೇ ದೇಹದ ರೋಗನಿರೋಧಕ ಶಕ್ತಿ! ಇದು ಹೇಗೆ ಎಂದು ತಿಳಿದರೆ ಕಾಮಾಲೆ ಬಂದಾಗ ಏನು ಮಾಡಬೇಕು, ಏನು ಮಾಡಬಾರದು, ಯಾವಾಗ ಆಸ್ಪತ್ರೆಗೆ ಓಡಬೇಕು ಎಂಬುದೂ ತಿಳಿಯುತ್ತದೆ. ಆದ್ದರಿಂದ ಸ್ವಲ್ಪ ನಿಧಾನವಾಗಿ ಓದಿ. ಓದಲು ಬಾರದ ಸದಸ್ಯರಿಗೆ ಓದಿ ಹೇಳಿ.

ಯಕೃತ್ತು ಮಾಡುವ ಕೆಲಸ

ಯಕೃತ್ತು, ಅಂದರೆ ನಾವೆಲ್ಲ ಲಿವರ್ ಅನ್ನುವ ಅಂಗ, ಹೊಟ್ಟೆಯ ಬಲಭಾಗದಲ್ಲಿ ಪಕ್ಕೆಲುಬಿನ ಮರೆಯಲ್ಲಿದೆ. ದೊಡ್ಡವರಲ್ಲಿ ಸುಮಾರು ಒಂದೂವರೆ ಕಿಲೋ ತೂಗುತ್ತದೆ. ಮನೆಯಲ್ಲಿ ತಾಯಿ ಹೇಗೋ ದೇಹದಲ್ಲಿ ಇದು ಹಾಗೆ. ಉಂಡ ಅನ್ನವನ್ನು ಶಕ್ತಿಯಾಗಿ ಕೂಡಿಡುತ್ತದೆ. ಪಿತ್ತರಸ ತಯಾರಿಸುತ್ತದೆ. ರಕ್ತ ಹೆಪ್ಪುಗಟ್ಟಲು ಬೇಕಾದ ವಸ್ತುಗಳನ್ನು ಮಾಡುತ್ತದೆ. ಮಾತ್ರೆ, ಮದ್ಯ, ವಿಷ ಏನು ಒಳಗೆ ಹೋದರೂ ಅದನ್ನು ಶುದ್ಧಿ ಮಾಡುವ ಹೊಣೆಯೂ ಇದರದ್ದೇ.

ನಮ್ಮ ರಕ್ತದ ಕೆಂಪು ಕಣಗಳು ಹಳೆಯದಾಗಿ ಒಡೆದಾಗ ಬಿಲಿರುಬಿನ್ ಎಂಬ ಹಳದಿ ಬಣ್ಣದ ವಸ್ತು ಹುಟ್ಟುತ್ತದೆ. ಯಕೃತ್ತು ಅದನ್ನು ಹಿಡಿದು ಪಿತ್ತರಸದ ಜೊತೆ ಕರುಳಿಗೆ ಕಳಿಸುತ್ತದೆ. ಮಲಕ್ಕೆ ಬಣ್ಣ ಬರುವುದು ಇದರಿಂದಲೇ. ಯಕೃತ್ತಿನ ಕೋಶಗಳು ಸತ್ತಾಗ, ಊದಿಕೊಂಡಾಗ ಈ ಕೆಲಸ ನಿಲ್ಲುತ್ತದೆ. ಹಳದಿ ವಸ್ತು ರಕ್ತದಲ್ಲೇ ಉಳಿದು ಕಣ್ಣಿಗೆ, ಚರ್ಮಕ್ಕೆ ಏರುತ್ತದೆ. ಮೂತ್ರ ಕಡು ಚಹಾದ ಬಣ್ಣಕ್ಕೆ ತಿರುಗುತ್ತದೆ, ಮಲ ಬಿಳಿಚಿಕೊಳ್ಳುತ್ತದೆ, ಕೆಲವರಿಗೆ ಮೈ ತುರಿಸುತ್ತದೆ. ಹೀಗಾಗಿ ಕಾಮಾಲೆ ಎನ್ನುವುದು ಒಂದು ರೋಗದ ಹೆಸರಲ್ಲ, ಯಕೃತ್ತಿಗೆ ಏನೋ ಆಗಿದೆ ಎಂದು ತೋರಿಸುವ ಗುರುತು. ನಾವು ತಿನ್ನುವ ಅರಿಶಿನಕ್ಕೂ ಈ ಹಳದಿಗೂ ಯಾವ ಸಂಬಂಧವೂ ಇಲ್ಲ.

ಐದು ವೈರಸ್‌ಗಳು, ಎರಡು ದಾರಿ

ಯಕೃತ್ತಿಗೆ ಸೋಂಕು ತರುವ ಮುಖ್ಯ ವೈರಸ್‌ಗಳು ಐದು. ಹೆಪಟೈಟಿಸ್ ಎ, ಬಿ, ಸಿ, ಡಿ ಮತ್ತು ಇ.

ಎ ಮತ್ತು ಇ ಬಾಯಿಯ ದಾರಿಯಿಂದ ಬರುತ್ತವೆ. ರೋಗಿಯ ಮಲ ಸೇರಿದ ನೀರು ಕುಡಿದರೆ, ತೊಳೆಯದ ಕೈಯಿಂದ ಮಾಡಿದ ಅಡುಗೆ ಉಂಡರೆ ತಗಲುತ್ತವೆ.

ಬಿ, ಸಿ, ಡಿ ರಕ್ತದ ದಾರಿಯಿಂದ ಬರುತ್ತವೆ. ಒಬ್ಬರಿಗೆ ಬಳಸಿದ ಸೂಜಿ ಇನ್ನೊಬ್ಬರಿಗೆ ಬಳಸಿದರೆ, ಪರೀಕ್ಷಿಸದ ರಕ್ತ ಕೊಟ್ಟರೆ ಬರುತ್ತವೆ. ಬಿ ವೈರಸ್ ಲೈಂಗಿಕ ಸಂಪರ್ಕದಿಂದಲೂ, ಹೆರಿಗೆಯ ಹೊತ್ತಿನಲ್ಲಿ ತಾಯಿಯಿಂದ ಮಗುವಿಗೂ ಬರುತ್ತದೆ. ಡಿ ವೈರಸ್ ಒಂಟಿಯಾಗಿ ಬದುಕಲಾರದು. ಬಿ ಇದ್ದವರಲ್ಲಿ ಮಾತ್ರ ಅದು ಬೆಳೆಯುತ್ತದೆ. ಒಟ್ಟಿಗೆ ಕೂತು ಉಂಡರೆ, ಕೈ ಹಿಡಿದರೆ, ಮಗುವನ್ನು ಎತ್ತಿಕೊಂಡರೆ ಇವು ಬರುವುದಿಲ್ಲ. ಬಿ ಇದೆ ಎಂದು ಗೊತ್ತಾದ ಸೊಸೆಗೆ ಬೇರೆ ತಟ್ಟೆ ಇಡುವುದು ಅಜ್ಞಾನ ಮಾತ್ರವಲ್ಲ, ಅನ್ಯಾಯ ಕೂಡ.

ವೈರಸ್ ಕೊಲ್ಲುವುದಿಲ್ಲ ಎಂದು ಹೇಗೆ ಗೊತ್ತು?

ದೆಹಲಿಯಲ್ಲಿ ನಡೆದ ಒಂದು ಸಂಗತಿ ಕೇಳಿ. 1955ರ ನವೆಂಬರ್‌ನಲ್ಲಿ ಯಮುನಾ ನದಿಯ ಪ್ರವಾಹದ ನಂತರ ಊರ ಕೊಳಚೆ ನೀರು ಕುಡಿಯುವ ನೀರನ್ನು ಎತ್ತುವ ಜಾಗಕ್ಕೆ ನುಗ್ಗಿತು. ನೀರಿಗೆ ಹೆಚ್ಚು ಕ್ಲೋರಿನ್ ಹಾಕಿದರು. ಟೈಫಾಯಿಡ್‌ನಂಥ ರೋಗಗಳು ಹೆಚ್ಚಲಿಲ್ಲ. ಜನ ನಿಟ್ಟುಸಿರು ಬಿಟ್ಟರು. ಆದರೆ ವಾರಗಳು ಕಳೆದ ಮೇಲೆ ಡಿಸೆಂಬರ್ ಮತ್ತು 1956ರ ಜನವರಿಯಲ್ಲಿ ಸುಮಾರು 29,000 ಜನರಿಗೆ ಕಾಮಾಲೆ ಕಾಣಿಸಿಕೊಂಡಿತು. ಗರ್ಭಿಣಿಯರೇ ಹೆಚ್ಚು ನರಳಿದರು, ಹೆಚ್ಚು ಸತ್ತರು. ಆಗ ಅದು ಯಾವ ವೈರಸ್ ಎಂದು ಯಾರಿಗೂ ಗೊತ್ತಿರಲಿಲ್ಲ. ಅದು ಹೆಪಟೈಟಿಸ್ ಇ ಎಂದು ಕೂಡಿಟ್ಟ ರಕ್ತದ ಮಾದರಿಗಳಿಂದ ತಿಳಿದದ್ದು ಎಷ್ಟೋ ವರ್ಷಗಳ ನಂತರ.

ನೀರು ಕೆಟ್ಟದ್ದು ನವೆಂಬರ್‌ನಲ್ಲಿ, ಕಣ್ಣು ಹಳದಿಯಾದದ್ದು ಐದಾರು ವಾರದ ಮೇಲೆ. ಈ ನಡುವೆ ವೈರಸ್ ಏನು ಮಾಡುತ್ತಿತ್ತು? ಯಕೃತ್ತಿನ ಕೋಶದೊಳಗೆ ಸದ್ದಿಲ್ಲದೆ ಮರಿ ಹಾಕುತ್ತಿತ್ತು. ಹೆಪಟೈಟಿಸ್ ಎ ಯಲ್ಲೂ ಇದೇ ಕಥೆ. ಸೋಂಕು ತಗಲಿ ಸುಮಾರು ನಾಲ್ಕು ವಾರಕ್ಕೆ ಕಾಮಾಲೆ ಕಾಣುತ್ತದೆ. ಆದರೆ ರೋಗಿಯ ಮಲದಲ್ಲಿ ವೈರಸ್ ಅತಿ ಹೆಚ್ಚು ಇರುವುದು ಕಣ್ಣು ಹಳದಿಯಾಗುವ ಮೊದಲಿನ ಒಂದೆರಡು ವಾರದಲ್ಲಿ! ವೈರಸ್ ತುಂಬಿ ತುಳುಕುವಾಗ ಮನುಷ್ಯ ಆರಾಮಾಗಿ ಓಡಾಡಿಕೊಂಡಿರುತ್ತಾನೆ. ವೈರಸ್ ಕಡಿಮೆಯಾಗಲು ಶುರುವಾದಾಗ ಹಾಸಿಗೆ ಹಿಡಿಯುತ್ತಾನೆ. ವೈರಸ್ಸೇ ಕೋಶವನ್ನು ತಿನ್ನುವುದಾಗಿದ್ದರೆ ಹೀಗಾಗುತ್ತಿತ್ತೇ?

ಇನ್ನೊಂದು ಸಾಕ್ಷಿ ಮಕ್ಕಳಲ್ಲಿದೆ. ಹುಟ್ಟುವಾಗಲೇ ತಾಯಿಯಿಂದ ಹೆಪಟೈಟಿಸ್ ಬಿ ತಗಲಿದ ಕೂಸಿಗೆ ಸಾಮಾನ್ಯವಾಗಿ ಕಾಮಾಲೆಯೇ ಬರುವುದಿಲ್ಲ. ಕೂಸಿನ ರೋಗನಿರೋಧಕ ಶಕ್ತಿಗೆ ಇನ್ನೂ ವೈರಿ ಯಾರು, ನಮ್ಮವರು ಯಾರು ಎಂದು ಸರಿಯಾಗಿ ತಿಳಿಯದು. ಅದು ಜಗಳಕ್ಕೇ ಇಳಿಯುವುದಿಲ್ಲ. ರಕ್ತದಲ್ಲಿ ಕೋಟಿಗಟ್ಟಲೆ ವೈರಸ್ ಇದ್ದರೂ ಮಗು ನಗುತ್ತಿರುತ್ತದೆ. ಆದರೆ ಇಂಥ ನೂರು ಮಕ್ಕಳಲ್ಲಿ ಸುಮಾರು ತೊಂಬತ್ತು ಮಕ್ಕಳಲ್ಲಿ ವೈರಸ್ ಶಾಶ್ವತವಾಗಿ ಉಳಿದು, ದೊಡ್ಡವರಾದ ಮೇಲೆ ಯಕೃತ್ತು ಗಟ್ಟಿಯಾಗುವ ರೋಗಕ್ಕೆ, ಕ್ಯಾನ್ಸರ್‌ಗೆ ದಾರಿಯಾಗಬಹುದು. ಅದೇ ವೈರಸ್ ಬೆಳೆದು ನಿಂತ ಆರೋಗ್ಯವಂತರಿಗೆ ತಗಲಿದರೆ ಹಲವರಿಗೆ ಜೋರು ಕಾಮಾಲೆ ಬರುತ್ತದೆ. ಆದರೆ ನೂರರಲ್ಲಿ ತೊಂಬತ್ತೈದಕ್ಕೂ ಹೆಚ್ಚು ಮಂದಿಯ ದೇಹ ವೈರಸ್ಸನ್ನು ಹೊರಹಾಕುತ್ತದೆ. ಜಗಳ ಆಡಿದವರು ನರಳಿದರು, ಆದರೆ ಗೆದ್ದರು. ಜಗಳವೇ ಆಡದವರು ನರಳಲಿಲ್ಲ, ಆದರೆ ವೈರಿ ಮನೆಯಲ್ಲೇ ಉಳಿದ.

ಮೂರನೆಯ ಸಾಕ್ಷಿ ಪ್ರಯೋಗಾಲಯದ್ದು. 2003ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಹೆಪಟೈಟಿಸ್ ಬಿ ತಗಲಿದ ಚಿಂಪಾಂಜಿಯ ದೇಹದಿಂದ ಕೊಲ್ಲುವ ಕೆಲಸದ ಬಿಳಿ ರಕ್ತಕಣಗಳನ್ನು ತಾತ್ಕಾಲಿಕವಾಗಿ ಇಲ್ಲವಾಗಿಸಿದರು. ಆಗ ಯಕೃತ್ತಿನ ಬೇನೆಯೂ ಬರಲಿಲ್ಲ, ವೈರಸ್ಸೂ ಹೋಗಲಿಲ್ಲ. ಆ ಕಣಗಳು ವಾಪಸ್ಸು ಬಂದ ಮೇಲೆಯೇ ಬೇನೆಯೂ ಬಂತು, ವೈರಸ್ಸೂ ತೊಲಗಿತು.

ಒಳಗಿನ ಕಾಳಗ ನಡೆಯುವುದು ಹೀಗೆ

ವೈರಸ್ ಎಷ್ಟು ಚಿಕ್ಕದು ಅಂದರೆ ಅದಕ್ಕೆ ಸ್ವಂತ ಅಡುಗೆಮನೆ ಇಲ್ಲ. ನಮ್ಮ ಕೋಶದ ಒಳಗೆ ನುಸುಳಿ, ಅಲ್ಲಿಯ ಒಲೆ ಪಾತ್ರೆಗಳನ್ನೇ ಬಳಸಿ ತನ್ನ ಮರಿಗಳನ್ನು ತಯಾರಿಸಿಕೊಳ್ಳುತ್ತದೆ. ಕೋಶದೊಳಗೆ ಅಡಗಿರುವ ವೈರಿಯನ್ನು ಹಿಡಿಯುವುದು ಹೇಗೆ? ದೇಹಕ್ಕೆ ಮೂರು ಉಪಾಯಗಳಿವೆ.

ಮೊದಲನೆಯದು ಕೂಗು ಹಾಕುವುದು. ಸೋಂಕು ತಗಲಿದ ಕೋಶ ಇಂಟರ್‌ಫೆರಾನ್ ಎಂಬ ರಾಸಾಯನಿಕವನ್ನು ಹೊರಬಿಡುತ್ತದೆ. "ನನ್ನ ಮನೆಗೆ ಕಳ್ಳ ಹೊಕ್ಕಿದ್ದಾನೆ, ನೀವು ಬಾಗಿಲು ಭದ್ರ ಮಾಡಿಕೊಳ್ಳಿ" ಎಂದು ಅಕ್ಕಪಕ್ಕದ ಕೋಶಗಳಿಗೆ ಹೇಳಿದ ಹಾಗೆ. ಆದರೆ ಎ ವೈರಸ್ ಈ ಕೂಗನ್ನು ಅಡಗಿಸುವ ಕಲೆ ಬಲ್ಲದು. ಬಿ ವೈರಸ್ ಕೂಗು ಏಳದಂತೆಯೇ ಮೆಲ್ಲಗೆ ಒಳಗಿರುತ್ತದೆ. ವಾರಗಟ್ಟಲೆ ನಮಗೆ ಏನೂ ಗೊತ್ತಾಗದಿರುವುದಕ್ಕೆ ಇದೂ ಒಂದು ಕಾರಣ.

ಎರಡನೆಯದು ಕೊಲ್ಲುವುದು. ಪ್ರತಿ ಕೋಶವೂ ತನ್ನೊಳಗೆ ತಯಾರಾಗುವ ವಸ್ತುಗಳ ಸಣ್ಣ ಚೂರನ್ನು ಹೊರಮೈಯಲ್ಲಿ ತೋರಿಸುತ್ತಿರುತ್ತದೆ. ಅಂಗಡಿಯವನು ಬಾಗಿಲ ಮುಂದೆ ಮಾದರಿ ಇಟ್ಟ ಹಾಗೆ. ಟಿ ಕೋಶ ಎಂಬ ಬಿಳಿ ರಕ್ತಕಣಗಳು ಮನೆಮನೆ ತಿರುಗಿ ಇದನ್ನು ನೋಡುತ್ತವೆ. ವೈರಸ್ಸಿನ ಚೂರು ಕಂಡರೆ ಆ ಕೋಶಕ್ಕೆ ಅಂಟಿಕೊಂಡು, ಅದರ ಗೋಡೆಗೆ ತೂತು ಕೊರೆದು, ಒಳಗೆ ನಾಶಕ ವಸ್ತುವನ್ನು ಬಿಡುತ್ತವೆ. ಅಥವಾ ಕೋಶದ ಹೊರಮೈಯಲ್ಲಿರುವ ಒಂದು ಗುಂಡಿಯನ್ನು ಒತ್ತಿ "ನೀನೇ ಮುಗಿಸಿಕೋ" ಎಂದು ಅಪ್ಪಣೆ ಕೊಡುತ್ತವೆ. ಕೋಶ ಕುಗ್ಗಿ, ಚೂರಾಗುತ್ತದೆ. ಯಕೃತ್ತಿನಲ್ಲೇ ಇರುವ ಕುಪ್ಫರ್ ಕೋಶಗಳು ಆ ಚೂರುಗಳನ್ನು ನುಂಗಿ ಜಾಗ ಗುಡಿಸುತ್ತವೆ. ರೋಗ ಹತ್ತಿದ ಗಿಡವನ್ನು ಕಿತ್ತು ಸುಟ್ಟು ಉಳಿದ ಬೆಳೆ ಉಳಿಸಿಕೊಳ್ಳುವ ರೈತನ ಬುದ್ಧಿಯೇ ಇಲ್ಲಿಯೂ ಇರುವುದು.

ಮೂರನೆಯದು ಕೊಲ್ಲದೆ ಗುಣ ಮಾಡುವುದು. ಟಿ ಕೋಶಗಳು ಸುರಿಸುವ ಕೆಲವು ರಾಸಾಯನಿಕಗಳಿಂದ, ಕೋಶ ಬದುಕಿರುವಾಗಲೇ ಅದರೊಳಗಿನ ಬಿ ವೈರಸ್ ಕರಗಿಹೋಗುತ್ತದೆ. ಚಿಂಪಾಂಜಿಗಳಲ್ಲಿ ಇದು ಕಂಡುಬಂದು 1999ರಲ್ಲಿ ಪ್ರಕಟವಾಯಿತು. ಯಕೃತ್ತಿನ ಹೆಚ್ಚಿನ ಕೋಶಗಳಿಗೆ ಬಿ ಸೋಂಕು ತಗಲಿದ್ದರೂ ಹೆಚ್ಚಿನ ರೋಗಿಗಳು ಬದುಕಿ ಉಳಿಯುವುದು ಇದರಿಂದ. ಎಲ್ಲ ಕೋಶಗಳನ್ನೂ ಕೊಂದೇ ವೈರಸ್ ಓಡಿಸಬೇಕಿದ್ದರೆ ಯಕೃತ್ತೇ ಇರುತ್ತಿರಲಿಲ್ಲ!

ಆದರೆ ಗುಂಪು ಸೇರಿದ ಮೇಲೆ ಎಲ್ಲರೂ ನೋಡಿಕೊಂಡೇ ಹೊಡೆಯುತ್ತಾರೆಯೇ? ಕಾಳಗದ ಕಾವಿನಲ್ಲಿ ಸೋಂಕಿಲ್ಲದ ಅಕ್ಕಪಕ್ಕದ ಕೋಶಗಳೂ ಸಾಯುತ್ತವೆ. ಹೆಪಟೈಟಿಸ್ ಎ ಬಂದವರ ರಕ್ತ ಪರೀಕ್ಷಿಸಿದಾಗ ಈ ವೈರಸ್ಸಿಗೆ ಸಂಬಂಧವೇ ಇಲ್ಲದ, ಬೇರೆ ರೋಗಗಳ ವಿರುದ್ಧ ತಯಾರಾಗಿದ್ದ ಟಿ ಕೋಶಗಳೂ ಕೆರಳಿ ಯಕೃತ್ತಿಗೆ ಹೊಡೆತ ಕೊಡುವುದು ಕಂಡುಬಂದಿದೆ. ಇಲಿ ಬಂತೆಂದು ಮನೆಗೆ ಬೆಂಕಿ ಇಟ್ಟರು ಅನ್ನುವ ಗಾದೆ ಸುಮ್ಮನೆ ಹುಟ್ಟಿದ್ದಲ್ಲ.

ಲ್ಯಾಬಿನ ಚೀಟಿ ಹೇಳುವುದೇನು?

ವೈದ್ಯರು ಎಸ್‌ಜಿಪಿಟಿ ಎಂಬ ಪರೀಕ್ಷೆ ಬರೆದುಕೊಡುತ್ತಾರೆ. ಇದು ಯಕೃತ್ತಿನ ಕೋಶದೊಳಗೆ ಇರಬೇಕಾದ ವಸ್ತು. ಕೋಶ ಒಡೆದಾಗ ರಕ್ತಕ್ಕೆ ಸೋರುತ್ತದೆ. ಸಾಮಾನ್ಯವಾಗಿ 40ರ ಆಸುಪಾಸಿನೊಳಗೆ ಇರಬೇಕಾದದ್ದು ವೈರಸ್ ಕಾಮಾಲೆಯಲ್ಲಿ ಸಾವಿರ ದಾಟುವುದುಂಟು. ಅಂದರೆ ಎಷ್ಟು ಕೋಶ ಒಡೆಯುತ್ತಿದೆ ಎಂಬ ಲೆಕ್ಕ ಇದು.

ಎಸ್‌ಜಿಪಿಟಿ ಇಳಿದರೆ ಗುಣವಾಯಿತು ಎಂದೇ ಅರ್ಥವೇ? ಹೆಚ್ಚಿನವರಲ್ಲಿ ಹೌದು. ಹಳದಿ ಇಳಿಯುತ್ತದೆ, ಹಸಿವು ಮರಳುತ್ತದೆ. ಆದರೆ ಎಸ್‌ಜಿಪಿಟಿ ಇಳಿಯುತ್ತಿದ್ದು, ಬಿಲಿರುಬಿನ್ ಏರುತ್ತಾ, ರಕ್ತ ಹೆಪ್ಪುಗಟ್ಟುವ ಸಮಯವೂ ಹೆಚ್ಚುತ್ತಿದ್ದರೆ ಅದು ಅಪಾಯ. ಒಡೆಯಲು ಕೋಶಗಳೇ ಉಳಿದಿಲ್ಲ ಎಂದು ಅರ್ಥವಿರಬಹುದು. ಆದ್ದರಿಂದ ಒಂದೇ ಅಂಕಿ ನೋಡಿ ನಾವೇ ತೀರ್ಮಾನ ಮಾಡಬಾರದು. ರಕ್ತ ಹೆಪ್ಪುಗಟ್ಟುವ ಪರೀಕ್ಷೆ, ಪಿಟಿ ಐಎನ್‌ಆರ್ ಅನ್ನುತ್ತಾರೆ, ಅದು ಯಕೃತ್ತು ಇನ್ನೂ ಎಷ್ಟು ಕೆಲಸ ಮಾಡುತ್ತಿದೆ ಎಂದು ಹೇಳುತ್ತದೆ. ಅದನ್ನು ವೈದ್ಯರ ಬಳಿ ಕೇಳಿ ತಿಳಿದುಕೊಳ್ಳಿ.

ಹಳ್ಳಿ ಮದ್ದಿಗೆ ಗುಣವಾಗುವುದಿಲ್ಲವೇ?

ಇದು ಎಲ್ಲರೂ ಕೇಳುವ ಪ್ರಶ್ನೆ. "ನಮ್ಮ ಅತ್ತೆಗೆ ಸೊಪ್ಪಿನ ರಸ ಕುಡಿಸಿದ್ವಿ, ಗುಣ ಆಯ್ತಲ್ಲ?" ಗುಣವಾದದ್ದು ನಿಜ. ಆದರೆ ಗುಣ ಮಾಡಿದವರು ಯಾರು ಎಂದು ಯೋಚಿಸಬೇಕು. ಕಣ್ಣು ಹಳದಿಯಾಗುವ ಹೊತ್ತಿಗೆ ದೇಹ ಅರ್ಧ ಯುದ್ಧ ಗೆದ್ದಿರುತ್ತದೆ. ಎ ಮತ್ತು ಇ ಬಂದವರಲ್ಲಿ ಬಹುತೇಕ ಎಲ್ಲರಿಗೂ ಕೆಲವು ವಾರಗಳಲ್ಲಿ ತಾನಾಗಿಯೇ ಗುಣವಾಗುತ್ತದೆ. ಯಕೃತ್ತಿಗೆ ದೇವರು ಕೊಟ್ಟ ವರ ಒಂದಿದೆ: ಉಳಿದ ಕೋಶಗಳು ಇಬ್ಭಾಗವಾಗಿ ಬೆಳೆದು, ಸತ್ತವುಗಳ ಜಾಗ ತುಂಬುತ್ತವೆ. ಆ ಹೊತ್ತಿನಲ್ಲಿ ಸೊಪ್ಪಿನ ರಸ ಕುಡಿದರೂ, ನಿಂಬೆಹಣ್ಣು ಮಂತ್ರಿಸಿದರೂ, ಏನೂ ಮಾಡದಿದ್ದರೂ ಗುಣವಾಗುತ್ತದೆ. ಹೆಸರು ಮಾತ್ರ ಮದ್ದು ಕೊಟ್ಟವರಿಗೆ.

ತೊಂದರೆ ಬರುವುದು ಗುಣವಾಗದೆ ಇರುವ ಕೆಲವರಿಗೆ. ಅವರ ದಿನಗಳು ಮದ್ದಿನಲ್ಲೇ ಕಳೆದುಹೋಗುತ್ತವೆ. ಕೆಲವು ಬೇರು, ಭಸ್ಮಗಳು ಮೊದಲೇ ನೊಂದ ಯಕೃತ್ತನ್ನು ಇನ್ನಷ್ಟು ನೋಯಿಸುತ್ತವೆ. ಕೈಗೆ ಬರೆ ಹಾಕುವುದು, ಕಣ್ಣಿಗೆ ಮೂಗಿಗೆ ರಸ ಬಿಡುವುದು ಬರೀ ಗಾಯ ಕೊಡುತ್ತದೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂಬಂತೆ ಆಗಬಾರದು.

"ಹಾಗಾದ್ರೆ ಆ ರೋಗನಿರೋಧಕ ಶಕ್ತಿಯನ್ನೇ ತಗ್ಗಿಸೋ ಮಾತ್ರೆ ಕೊಡಬಹುದಲ್ವಾ?" ಎಂದು ನೀವು ಕೇಳಬಹುದು. ಒಳ್ಳೆಯ ಪ್ರಶ್ನೆ. ಹಿಂದೆ ವೈದ್ಯರೂ ಹಾಗೇ ಯೋಚಿಸಿ ಸ್ಟೆರಾಯ್ಡ್ ಕೊಟ್ಟು ನೋಡಿದರು. ಲಾಭ ಆಗಲಿಲ್ಲ. ಕಾವಲುಗಾರನ ಕೈ ಕಟ್ಟಿದರೆ ಕಳ್ಳ ಹೋಗುವುದಿಲ್ಲವಲ್ಲ. ಬಿ ವೈರಸ್ ಮೈಯಲ್ಲಿ ಅಡಗಿರುವವರು ಸ್ಟೆರಾಯ್ಡ್ ತಿಂದರೆ ಅದು ಮತ್ತೆ ಹೆಡೆಯೆತ್ತಿ ಜೀವಕ್ಕೇ ಅಪಾಯ ಆಗಬಹುದು. ಆದ್ದರಿಂದ ಯಾರೋ ಹೇಳಿದರೆಂದು ಅಂಗಡಿಯಿಂದ ಮಾತ್ರೆ ತಂದು ನುಂಗಬೇಡಿ.

ಕೂಡಲೇ ಆಸ್ಪತ್ರೆಗೆ ಹೋಗಬೇಕಾದ ಗುರುತುಗಳು

ಕೆಲವೇ ಕೆಲವರಲ್ಲಿ ಕಾಳಗ ಮಿತಿ ಮೀರಿ, ಕೋಶಗಳು ಬೆಳೆಯುವುದಕ್ಕಿಂತ ವೇಗವಾಗಿ ಸಾಯುತ್ತವೆ. ಯಕೃತ್ತು ಸೋಲುತ್ತದೆ. ಆಗ ವಿಷ ಮಿದುಳಿಗೆ ಏರುತ್ತದೆ, ರಕ್ತ ಹೆಪ್ಪುಗಟ್ಟುವುದಿಲ್ಲ. ಈ ಗುರುತುಗಳನ್ನು ನೆನಪಿಡಿ:

• ಹಗಲೆಲ್ಲ ನಿದ್ದೆ, ರಾತ್ರಿ ಎಚ್ಚರ. ತೊದಲು ಮಾತು, ಗಲಿಬಿಲಿ, ಮನೆಯವರ ಗುರುತು ಸಿಗದಿರುವುದು
• ವಸಡು, ಮೂಗಿನಿಂದ ರಕ್ತ, ಕಪ್ಪು ಮಲ, ರಕ್ತ ವಾಂತಿ
• ನಿಲ್ಲದ ವಾಂತಿ, ನೀರೂ ಹೊಟ್ಟೆಯಲ್ಲಿ ನಿಲ್ಲದಿರುವುದು
• ಹೊಟ್ಟೆ, ಕಾಲು ಊದಿಕೊಳ್ಳುವುದು

ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಎಂದು ಕಾಯಬೇಡಿ. 108ಕ್ಕೆ ಕರೆ ಮಾಡಿ.

ಗರ್ಭಿಣಿಗೆ ಕಾಮಾಲೆ ಬಂದರೆ ಯಾವ ಗುರುತಿಗೂ ಕಾಯಬಾರದು, ಅದೇ ದಿನ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ಕೊನೆಯ ಮೂರು ತಿಂಗಳಲ್ಲಿ ಹೆಪಟೈಟಿಸ್ ಇ ತಗಲಿದರೆ ನೂರರಲ್ಲಿ 20ರಿಂದ 25 ತಾಯಂದಿರವರೆಗೂ ಸಾಯಬಹುದು. "ತವರಿಗೆ ಹೋದ ಮೇಲೆ ತೋರಿಸೋಣ", "ಗಂಡ ಊರಿಂದ ಬರಲಿ" ಎಂಬ ಮಾತಿಗೆ ಇಲ್ಲಿ ಎಡೆಯಿಲ್ಲ. ದುಡ್ಡಿಲ್ಲ ಎಂದು ಹಿಂಜರಿದರೆ ಸಂಘದ ಉಳಿತಾಯದಿಂದ ತುರ್ತು ಸಾಲ ಕೊಡಿ. ಮುಂದಿನ ಸಭೆಯವರೆಗೆ ಕಾಯದೆ ಕೊಡುವ ಅಧಿಕಾರ ಯಾರಿಗೆ ಎಂದು ಇಂದೇ ಠರಾವು ಬರೆದಿಡಿ.

ಮನೆಯಲ್ಲಿ ಆರೈಕೆ

ಎ ಮತ್ತು ಇ ವೈರಸ್ಸಿನ ಸಾಮಾನ್ಯ ಕಾಮಾಲೆಗೆ ಬೇರೆ ಔಷಧಿಯ ಅಗತ್ಯವಿಲ್ಲ. ವಿಶ್ರಾಂತಿ, ಸಾಕಷ್ಟು ನೀರು, ಹೊಟ್ಟೆ ತುಂಬ ಊಟ ಬೇಕು. ಉಪ್ಪು, ಎಣ್ಣೆ, ಬೇಳೆ ಎಲ್ಲ ಬಿಡಿಸಿ ಬರೀ ಗಂಜಿಯಲ್ಲಿ ಇಡಬೇಡಿ. ಯಕೃತ್ತು ಹೊಸ ಕೋಶ ಕಟ್ಟುವಾಗ ಅದಕ್ಕೆ ಆಹಾರ ಬೇಡವೇ? ಅನ್ನ, ಬೇಳೆ, ಮೊಟ್ಟೆ, ಹಣ್ಣು, ಸೇರಿದ್ದನ್ನು ಸ್ವಲ್ಪ ಸ್ವಲ್ಪವಾಗಿ ಹಲವು ಸಲ ಕೊಡಿ. ಮದ್ಯ ಒಂದು ಹನಿಯೂ ಬೇಡ. ಜ್ವರ, ಮೈಕೈ ನೋವಿನ ಮಾತ್ರೆಯನ್ನು ವೈದ್ಯರನ್ನು ಕೇಳದೆ ಕೊಡಬೇಡಿ. ಪ್ಯಾರಾಸಿಟಮಾಲ್ ಕೂಡ ಹೆಚ್ಚಾದರೆ ಯಕೃತ್ತಿಗೆ ವಿಷವೇ.

ಬರದಂತೆ ತಡೆಯಲು

1. ಕುಡಿಯುವ ನೀರನ್ನು ಚೆನ್ನಾಗಿ ಕುದಿಸಿ ಆರಿಸಿ ಕುಡಿಯಿರಿ. ಬಿಸಿಯಾದರೆ ಸಾಲದು, ಕುದಿ ಬರಬೇಕು.
2. ಶೌಚಕ್ಕೆ ಹೋಗಿ ಬಂದ ಮೇಲೆ, ಮಗುವಿನ ಮಲ ತೊಳೆದ ಮೇಲೆ, ಅಡುಗೆಗೆ ಮುನ್ನ ಸೋಪಿನಿಂದ ಕೈ ತೊಳೆಯಿರಿ. ಕಣ್ಣು ಹಳದಿಯಾಗುವ ಮೊದಲೇ ವೈರಸ್ ಹರಡುವುದರಿಂದ, ಮನೆಯಲ್ಲಿ ರೋಗಿ ಇಲ್ಲದಾಗಲೂ ಈ ಅಭ್ಯಾಸ ಬೇಕು.
3. ಬಾವಿಯ ಹತ್ತಿರ ಶೌಚದ ಗುಂಡಿ, ಒಡೆದ ಪೈಪು, ಚರಂಡಿಯಲ್ಲಿ ಹಾದುಹೋಗುವ ನಲ್ಲಿ ಕಂಡರೆ ಪಂಚಾಯಿತಿಗೆ ಬರಹದಲ್ಲಿ ದೂರು ಕೊಡಿ. ಒಬ್ಬರು ಕೊಟ್ಟರೆ ಕಾಗದ, ಸಂಘ ಕೊಟ್ಟರೆ ಬಲ.
4. ಕೂಸು ಹುಟ್ಟಿದ 24 ಗಂಟೆಯೊಳಗೆ ಹೆಪಟೈಟಿಸ್ ಬಿ ಲಸಿಕೆ ಹಾಕಿಸಿ. ನಂತರ 6, 10, 14ನೇ ವಾರದಲ್ಲಿ ಪೆಂಟಾವೇಲೆಂಟ್ ಲಸಿಕೆಯ ಜೊತೆ ಅದು ಮತ್ತೆ ಸಿಗುತ್ತದೆ. ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಲಸಿಕೆ ಅಂದರೆ ಕಳ್ಳನ ಫೋಟೋವನ್ನು ಮೊದಲೇ ಕಾವಲುಗಾರನ ಕೈಗೆ ಕೊಟ್ಟ ಹಾಗೆ. ಕಳ್ಳ ಬಂದರೆ ಬಾಗಿಲಲ್ಲೇ ಹಿಡಿಯುತ್ತಾನೆ, ಮನೆಯೊಳಗೆ ಕಾಳಗವೇ ಇರುವುದಿಲ್ಲ.
5. ಗರ್ಭಿಣಿಯರೆಲ್ಲ ಹೆಪಟೈಟಿಸ್ ಬಿ ರಕ್ತಪರೀಕ್ಷೆ ಮಾಡಿಸಿ.
6. ಇಂಜೆಕ್ಷನ್ ಹಾಕುವವರಿಗೆ "ಹೊಸ ಸಿರಿಂಜ್ ನಮ್ಮ ಮುಂದೆ ಒಡೀರಿ" ಎಂದು ಹೇಳಲು ನಾಚಬೇಡಿ. 2009ರಲ್ಲಿ ಗುಜರಾತಿನ ಮೊಡಾಸಾದಲ್ಲಿ ಬಳಸಿದ ಸಿರಿಂಜನ್ನೇ ಮತ್ತೆ ಬಳಸಿದ್ದರಿಂದ ಹೆಪಟೈಟಿಸ್ ಬಿ ಹಬ್ಬಿ ಹಲವರು ಪ್ರಾಣ ಕಳೆದುಕೊಂಡರು. ಕಿವಿ ಚುಚ್ಚಿಸುವಾಗ, ಹಚ್ಚೆ ಹಾಕಿಸುವಾಗ, ಕ್ಷೌರದ ಬ್ಲೇಡಿನ ವಿಷಯದಲ್ಲೂ ಇದೇ ಎಚ್ಚರ ಇರಲಿ.

ಬಿ ಅಥವಾ ಸಿ ಇದೆ ಎಂದು ಗೊತ್ತಾದರೆ ಎದೆಗುಂದಬೇಡಿ. 2018ರಲ್ಲಿ ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಪರೀಕ್ಷೆ ಮತ್ತು ಔಷಧಿ ಉಚಿತ. ಹೆಪಟೈಟಿಸ್ ಸಿ ಹೆಚ್ಚಿನವರಲ್ಲಿ ಮೂರು ತಿಂಗಳ ಮಾತ್ರೆಯಿಂದ ಪೂರ್ತಿ ಗುಣವಾಗುತ್ತದೆ. ಬಿ ವೈರಸ್ಸನ್ನು ಮಾತ್ರೆಯಿಂದ ಹತೋಟಿಯಲ್ಲಿಡಬಹುದು. ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ, ಆಶಾ ಕಾರ್ಯಕರ್ತೆಯನ್ನೂ ಕೇಳಿ.

ಸಂಘದಲ್ಲಿ ಚರ್ಚೆಗೆ

• ಕಳೆದ ವರ್ಷ ನಮ್ಮ ಊರಲ್ಲಿ ಎಷ್ಟು ಮನೆಯಲ್ಲಿ ಕಾಮಾಲೆ ಬಂತು? ಅವರೆಲ್ಲ ಎಲ್ಲಿಯ ನೀರು ಕುಡಿಯುತ್ತಿದ್ದರು?
• ನಮ್ಮ ಸದಸ್ಯರ ಮನೆಗಳಲ್ಲಿ ಈಗ ಗರ್ಭಿಣಿಯರು ಯಾರಿದ್ದಾರೆ? ಅವರಿಗೆ ಹೆಪಟೈಟಿಸ್ ಬಿ ಪರೀಕ್ಷೆ ಆಗಿದೆಯೇ?
• ರಾತ್ರಿ ಹೊತ್ತು ಯಾರಿಗಾದರೂ ತುರ್ತಾದರೆ ದುಡ್ಡು, ವಾಹನ, ಜೊತೆಗೆ ಹೋಗುವವರು ಯಾರು?

ಈ ಮೂರಕ್ಕೂ ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆದು ಎಲ್ಲರೂ ಸಹಿ ಹಾಕಿ.